ಗುಮಾಸ್ತರ ಕುರ್ಚಿಗೆ ಮತ್ತೆ ಬೆತ್ತ

ತೇಗದ ಚೌಕಟ್ಟಿನ ನಾಲ್ಕೂ ಅಂಚಿಗೆ ಸಾಲಾಗಿ ತೂತುಗಳು. ಪಕ್ಕದ ಬಕೆಟ್ಟಿನಲ್ಲಿ ನೆನೆಹಾಕಿದ ಬೆತ್ತದ ಎಳೆಗಳು. ಹೆಣೆಯುವವರು ಒಂದೆಳೆ ತೆಗೆದು, ಬೆರಳ ಸಂದಿಯಲ್ಲಿ ಜಗ್ಗಿ ನೀರಿಳಿಸಿ, ಹೊಳಪಿನ ಬದಿ ಮೇಲೆ ಬರುವಂತೆ ತಿರುಗಿಸಿ ತೂತಿಗೆ ಪೋಣಿಸುತ್ತಾರೆ. ಎಳೆ ಜಾರದಿರಲೆಂದು ತೂತಿಗೊಂದು ಪುಟ್ಟ ಮರದ ಬೆಣೆ. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಮತ್ತೆ ಉದ್ದಕ್ಕೆ, ಮತ್ತೆ ಅಡ್ಡಕ್ಕೆ. ಈ ನಾಲ್ಕನೆಯ ಸುತ್ತಿನಲ್ಲಿ ಎಳೆ ಮೇಲೆ ಕೆಳಗೆ ನುಸುಳಿ ಹಿಂದಿನವನ್ನೆಲ್ಲ ಹಿಡಿದುಕೊಳ್ಳಬೇಕು. ಕೊನೆಗೆ ಎರಡು ಓರೆ ಸುತ್ತು. ಆರೂ ಮುಗಿದಾಗ ನಡುವೆ ಉಳಿಯುವ ಕಿಂಡಿಗಳು ಎಂಟು ಮೂಲೆಯವು. ಒದ್ದೆ ಬೆತ್ತವನ್ನು ತೀರಾ ಬಿಗಿದರೆ ಒಣಗುವಾಗ ಪಟ್ಟನೆ ಹರಿಯುತ್ತದೆ. ಸಡಿಲ ಬಿಟ್ಟರೆ ನಾಲ್ಕು ದಿನಕ್ಕೆ ಜೋಲುತ್ತದೆ. ಎಷ್ಟು ಎಳೆಯಬೇಕೆಂದು ಬೆರಳೇ ಹೇಳಬೇಕು.

ಈ ಕುರ್ಚಿಯ ಹುಟ್ಟೂರು ಚಂಡೀಗಢ, ಕಾಲ 1950ರ ದಶಕ. ಈಗ ಇದು ಮತ್ತೆ ತಯಾರಾಗುತ್ತಿರುವ ಊರುಗಳಲ್ಲಿ ನಮ್ಮ ಬೆಂಗಳೂರೂ ಒಂದು.

ದೇಶ ಹೋಳಾಗಿ ಲಾಹೋರ್ ಆಚೆ ಉಳಿದಾಗ ಪಂಜಾಬಿಗೆ ಹೊಸ ರಾಜಧಾನಿ ಬೇಕಾಯಿತು. ನಕ್ಷೆ ಹಾಕಲು ಬಂದವನು ವಾಸ್ತುಶಿಲ್ಪಿ ಲ ಕಾರ್ಬ್ಯುಸಿಯೆ. ಹೆಸರೂ ಅವನದೇ ಆಯಿತು. ಆದರೆ ಅವನು ಬಂದು ಹೋಗುವ ಅತಿಥಿ. ಊರಲ್ಲೇ ನೆಲೆನಿಂತು, 1965ರವರೆಗೆ ಇದ್ದು ಕೆಲಸ ಮಾಡಿಸಿದವನು ಅವನ ಸೋದರಸಂಬಂಧಿ ಪಿಯೆರ್ ಜಾನ್ನರೆ. 1967ರಲ್ಲಿ ಜಿನೀವಾದಲ್ಲಿ ತೀರಿಕೊಂಡ ಅವನ ಚಿತಾಭಸ್ಮವನ್ನು, ಅವನದೇ ಇಚ್ಛೆಯಂತೆ, ಚಂಡೀಗಢದ ಸುಖನಾ ಕೆರೆಗೆ ಬಿಟ್ಟರು. ಆ ಊರನ್ನು ಅಷ್ಟು ಹಚ್ಚಿಕೊಂಡಿದ್ದ ಮನುಷ್ಯ.

ಕಟ್ಟಡಗಳು ಎದ್ದವು. ಒಳಗೆ ಕೂರಲು? ಸಚಿವಾಲಯ, ಹೈಕೋರ್ಟು, ವಿಧಾನಸಭೆ, ವಿಶ್ವವಿದ್ಯಾಲಯ, ಗ್ರಂಥಾಲಯ, ಎಲ್ಲಕ್ಕೂ ಸಾವಿರಾರು ಕುರ್ಚಿ, ಮೇಜು, ಬೀರು ಬೇಕಿತ್ತು. ಅಷ್ಟನ್ನು ತಯಾರಿಸುವ ಕಾರ್ಖಾನೆ ಅಲ್ಲಿರಲಿಲ್ಲ, ವಿದೇಶದಿಂದ ತರಿಸುವಷ್ಟು ದುಡ್ಡೂ ಇರಲಿಲ್ಲ. ಇದ್ದವರು ಬಡಗಿಗಳು, ಇದ್ದದ್ದು ಮರ ಮತ್ತು ಬೆತ್ತ. ಜಾನ್ನರೆ ಮತ್ತು ಅವನ ಜೊತೆಗಿದ್ದ ಭಾರತೀಯ ವಾಸ್ತುಶಿಲ್ಪಿಗಳು ಇವನ್ನೇ ನೆಚ್ಚಿ ನಕ್ಷೆ ಬರೆದರು. ಅವರಲ್ಲಿ ಯೂಲಿ ಚೌಧುರಿ ಎಂಬಾಕೆಯ ಪಾಲು ದೊಡ್ಡದು. ಗೆದ್ದಲಿಗೂ ಮಳೆಗಾಲದ ತೇವಕ್ಕೂ ಬಗ್ಗದ ತೇಗ. ಜೂನ್ ತಿಂಗಳ ಬೇಗೆಯಲ್ಲಿ ಬೆನ್ನಿಗೆ ಗಾಳಿ ಬಿಡುವ ಬೆತ್ತ. ಕುರ್ಚಿಯನ್ನು ಪಕ್ಕದಿಂದ ನೋಡಿದರೆ ದಪ್ಪನೆಯ ಎರಡು ಕಾಲುಗಳು ಕೈವಾರದಂತೆ ಅಗಲಿಸಿಕೊಂಡು ನಿಂತಿವೆ; ಮೇಲೆ ಅವು ಕೂಡುವಲ್ಲಿ ಕೈ ಊರುವ ಪಟ್ಟಿ. ಆಸನಕ್ಕೂ ಬೆನ್ನಿಗೂ ನಡುವೆ ಬಯಲು. ಕೆತ್ತನೆ, ಹೂಬಳ್ಳಿ ಒಂದೂ ಇಲ್ಲ. ಮಿಡ್-ಸೆಂಚುರಿ ಮಾಡರ್ನ್ ಎಂದು ಲೋಕ ಕರೆಯುವ ಶೈಲಿ ಇಲ್ಲಿ ಪಂಜಾಬಿನ ಬಿಸಿಲಿಗೂ ಸರ್ಕಾರದ ಖಜಾನೆಗೂ ಹೊಂದಿಕೊಂಡ ಬಗೆ ಇದು.

ಆಮೇಲಿನ ಕಥೆ ಯಾವುದೇ ಸರ್ಕಾರಿ ಕಚೇರಿಯದು. ಬೆತ್ತ ಹರಿಯಿತು, ಕಾಲು ಅಲುಗಿತು, ಸ್ಟೀಲಿನವೂ ಪ್ಲಾಸ್ಟಿಕ್ಕಿನವೂ ಬಂದವು. ಹಳೆಯವು ತಾರಸಿಯಲ್ಲಿ, ಹಿತ್ತಿಲಲ್ಲಿ, ಮೆಟ್ಟಿಲ ಕೆಳಗೆ ರಾಶಿಬಿದ್ದು ಮಳೆ ಬಿಸಿಲುಂಡವು. ಗುಜರಿ ಹರಾಜಿನಲ್ಲಿ ಜುಜುಬಿ ಬೆಲೆಗೆ ಹೋದವು. 1990ರ ದಶಕದ ಕೊನೆಯ ಹೊತ್ತಿಗೆ ಪ್ಯಾರಿಸ್ಸಿನ ವ್ಯಾಪಾರಿಗಳು ಈ ರಾಶಿಗಳ ಎದುರು ನಿಂತಿದ್ದರು. ಕೊಂಡು, ಹಡಗಿಗೆ ಹಾಕಿ, ಉಜ್ಜಿ, ಹೊಸ ಬೆತ್ತ ಹಾಕಿಸಿ, ಅಲ್ಲಿನ ಹರಾಜುಕಟ್ಟೆಗಳಲ್ಲಿ ಲಕ್ಷಗಟ್ಟಲೆಗೆ ಮಾರಿದರು. ಕುರ್ಚಿಯ ಬೆನ್ನಿಗೆ ಬಿಳಿ ಬಣ್ಣದಲ್ಲಿ ಬರೆದಿದ್ದ ಇಲಾಖೆಯ ಹೆಸರು, ನಂಬರು ಅಳಿಸದೆ ಉಳಿದಿದ್ದರೆ ಬೆಲೆ ಇನ್ನೂ ಏರುತ್ತಿತ್ತು. ದಾಸ್ತಾನು ಪುಸ್ತಕದ ಲೆಕ್ಕಕ್ಕೆಂದು ಯಾವನೋ ಜವಾನ ಬಳಿದ ಬಣ್ಣ ಅಸಲಿತನದ ಮುದ್ರೆಯಾಯಿತು! ಅಮೆರಿಕದ ಕಲಾವಿದೆ ಏಮಿ ಸೀಗಲ್ 2013ರ ‘ಪ್ರಾವನೆನ್ಸ್’ ಚಿತ್ರದಲ್ಲಿ ಈ ಪ್ರಯಾಣವನ್ನು ಹಿಂದುಮುಂದಾಗಿ ತೋರಿಸಿದ್ದಾರೆ: ಶ್ರೀಮಂತರ ದಿವಾನಖಾನೆಯಿಂದ ಹೊರಟು ಚಂಡೀಗಢದ ಕಚೇರಿಗೆ. ಕೇಂದ್ರ ಗೃಹ ಸಚಿವಾಲಯ 2011ರಲ್ಲಿ ಈ ಸಾಮಾನುಗಳ ಮಾರಾಟಕ್ಕೂ ರಫ್ತಿಗೂ ತಡೆ ಹಾಕಿತು. ಆ ವೇಳೆಗೆ ಸಾಗಬೇಕಾದ್ದು ಬಹಳಷ್ಟು ಸಾಗಿತ್ತು.

ಹರಾಜಿನ ಪಟ್ಟಿಯಲ್ಲಿ ಜಾನ್ನರೆಯ ಹೆಸರಿರುತ್ತದೆ. ಮಾಡಿದ ಬಡಗಿಯ ಹೆಸರು ಇರುವುದಿಲ್ಲ. ನಕ್ಷೆ ಒಂದೇ ಆದರೂ ಬೇರೆಬೇರೆ ಬಡಗಿಗಳ ಕೈಯಲ್ಲಿ ಆದ ಕೆಲಸವಾದ್ದರಿಂದ ಒಂದರ ಕಾಲು ದಪ್ಪ, ಇನ್ನೊಂದರದು ತೆಳು. ಒಂದರ ಬೆನ್ನು ಹೆಚ್ಚು ವಾಲಿದೆ, ಇನ್ನೊಂದರದು ನೆಟ್ಟಗೆ. ಹಳೆಯದನ್ನು ಮತ್ತೆ ಮಾಡಹೊರಟವರಿಗೆ ಮೊದಲ ತೊಡಕು ಇದೇ: ಯಾವುದರ ಅಳತೆ ಹಿಡಿಯುವುದು? ಆ ಕುರ್ಚಿಗಳಿಗೆ ತಪ್ಪಿಲ್ಲದ ಮೂಲಪ್ರತಿ ಎಂಬುದೇ ಇಲ್ಲ ಎಂದು ನನಗನ್ನಿಸುತ್ತದೆ. ಇವತ್ತಿನ ಬಡಗಿಯೂ ಆ ಬಡಗಿಗಳ ಸಾಲಿನಲ್ಲೇ ಕೂತು ಇನ್ನೊಂದು ಕುರ್ಚಿ ಮಾಡುತ್ತಿದ್ದಾನೆ. ಅವನದನ್ನು ನಕಲು ಎನ್ನಲು ನನಗೆ ಮನಸ್ಸಿಲ್ಲ.

ಬೆಂಗಳೂರಿನ ಫ್ಯಾಂಟಮ್ ಹ್ಯಾಂಡ್ಸ್ ಈ ಕೆಲಸಕ್ಕೆ ಹೆಸರಾದ ಸಂಸ್ಥೆ. ದೀಪಕ್ ಶ್ರೀನಾಥ್, ಅಪರ್ಣಾ ರಾವ್ ಕಟ್ಟಿದ್ದು. ಹಳೆಯ ಪೀಠೋಪಕರಣ ಮಾರುತ್ತಿದ್ದವರು ಚಂಡೀಗಢದ ಕುರ್ಚಿಗಳನ್ನು ಕೈಕೆಲಸದಲ್ಲೇ ಮತ್ತೆ ಮಾಡಿಸತೊಡಗಿದರು. ಇಲ್ಲಿಂದ ಅವು ಹೊರದೇಶಗಳಿಗೂ ಹೋಗುತ್ತವೆ. ಇಂಥ ಕುರ್ಚಿಯಲ್ಲಿ ಬಡಗಿಯ ಕೈಚಳಕ ಗೊತ್ತಾಗುವ ಜಾಗ ಕಾಲುಗಳು ಕೂಡುವ ಸಂದು. ಎರಡು ತುಂಡೂ ಓರೆಯಾಗಿ ಬರುತ್ತವೆ. ಒಂದರ ತುದಿಯನ್ನು ನಾಲಿಗೆಯಾಗಿ ಇಳಿಸಿ ಇನ್ನೊಂದರ ಗುಳಿಯಲ್ಲಿ ಕೂರಿಸಬೇಕು. ದೊಡ್ಡ ಕೊಯ್ತವನ್ನು ಯಂತ್ರ ಮಾಡಿಕೊಡಬಹುದು. ಆದರೆ ಕೂರಿಸಿ ನೋಡಿ, ತೆಗೆದು, ಉಳಿಯಿಂದ ಒಂದು ಪೊರೆ ಕೆರೆದು, ಮತ್ತೆ ಕೂರಿಸಿ, ಕೊಡತಿಯಿಂದ ತಟ್ಟುವ ಆಟ ಕೈಗೇ ಬಿಟ್ಟದ್ದು. ಸಡಿಲವಾದರೆ ವರ್ಷದೊಳಗೆ ಕಿರುಗುಟ್ಟುತ್ತದೆ. ಬಿಗಿಯಾದರೆ ಮರ ಸೀಳುತ್ತದೆ. ಆಮೇಲೆ ಕೀಸುಳಿ, ಉಪ್ಪುಕಾಗದ, ಪಾಲಿಶು. ತೇಗದ ಹೊಟ್ಟಿನ ಆ ಎಣ್ಣೆಗಂಪು ಮೂಗಿಗೆ ಹಿಡಿದರೆ ಬೇಗ ಬಿಡುವುದಿಲ್ಲ.

ಬೆತ್ತದ ಕೆಲಸ ನಮಗೇನೂ ಹೊಸದಲ್ಲ. ಅಂಧರ ಶಾಲೆಗಳಲ್ಲಿ ಕುರ್ಚಿ ಹೆಣೆಯುವುದನ್ನು ಕಸುಬಾಗಿ ಕಲಿಸುತ್ತಿದ್ದರು, ಸರ್ಕಾರಿ ಕಚೇರಿಗಳ ಕುರ್ಚಿಗೆ ಬೆತ್ತ ಹಾಕುವ ಹುದ್ದೆಗಳಲ್ಲೂ ಅಂಧರಿದ್ದರು. ಕಚೇರಿಗೆ ಪ್ಲಾಸ್ಟಿಕ್ ಬಂದಾಗ ಕುರ್ಚಿಯ ಜೊತೆ ಇಂಥವರ ಕೂಲಿಯೂ ಹೋಯಿತು.

ನನ್ನ ತಕರಾರು ಒಂದೇ. ಗುಮಾಸ್ತ ಕೂತು ಫೈಲು ಬರೆಯಲೆಂದು ಅಗ್ಗವಾಗಿ ಮಾಡಿದ ಕುರ್ಚಿ ಇವತ್ತು ಗುಮಾಸ್ತ ಕೊಳ್ಳಲಾಗದ ವಸ್ತುವಾಗಿದೆ. ಕೈಕೆಲಸಕ್ಕೆ ತಕ್ಕ ಕೂಲಿ ಕೊಟ್ಟರೆ ಬೆಲೆ ಏರುವುದು ಸಹಜ, ಅದನ್ನು ಒಪ್ಪುತ್ತೇನೆ. ಹಾಗಿದ್ದ ಮೇಲೆ ನಕ್ಷೆ ಬರೆದವನ ಹೆಸರಿನ ಪಕ್ಕದಲ್ಲಿ ಉಳಿ ಹಿಡಿದವನ ಹೆಸರೂ ಬರಲಿ.

ಇನ್ನು ನಿಮ್ಮ ಮನೆಯ ಮಾತು. ಅಟ್ಟದ ಮೇಲೋ ಹಿತ್ತಿಲ ಕೊಟ್ಟಿಗೆಯಲ್ಲೋ ಅಜ್ಜನ ಕಾಲದ ಬೆತ್ತ ಹರಿದ ಕುರ್ಚಿಯೊಂದು ಇದ್ದೀತು. ಗುಜರಿಯವನ ತಕ್ಕಡಿಗೆ ಏರಿಸುವ ಮುಂಚೆ ಮಗುಚಿ ಹಾಕಿ, ಸಂದುಗಳನ್ನು ಅಲುಗಿಸಿ ನೋಡಿ. ಗಟ್ಟಿಯಿದ್ದರೆ ಚೌಕಟ್ಟು ಇನ್ನೂ ಒಂದು ತಲೆಮಾರು ಬಾಳುತ್ತದೆ. ಬೆತ್ತ ಹೆಣೆಯುವವರು ಊರಲ್ಲಿ ಯಾರಿದ್ದಾರೆಂದು ವಿಚಾರಿಸಿ, ಮೊದಲು ಅವರಿಗೆ ತೋರಿಸಿ.