ಚೆನ್ನಮ್ಮನ ಪಾತ್ರ ಮಾಡಿದ ಸರೋಜಾದೇವಿ



ಕಿತ್ತೂರು ರಾಣಿ ಚೆನ್ನಮ್ಮ ನಮಗೆಲ್ಲ ಗೊತ್ತು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಜನ ಬ್ರಿಟಿಷರನ್ನು ಸೋಲಿಸಿದರು. ಕಲೆಕ್ಟರ್ ಥ್ಯಾಕರೆ ಸತ್ತ. ಆಮೇಲೆ ಬ್ರಿಟಿಷರು ದೊಡ್ಡ ದಂಡು ತಂದು ಕೋಟೆ ಹಿಡಿದರು. ರಾಣಿಯನ್ನು ಬೈಲಹೊಂಗಲದಲ್ಲಿ ಸೆರೆ ಇಟ್ಟರು. 1829ರಲ್ಲಿ ಆಕೆ ಅಲ್ಲಿಯೇ ತೀರಿಕೊಂಡಳು. ಆಕೆಯ ಸಮಾಧಿಯೂ ಅಲ್ಲಿಯೇ ಇದೆ.

ನಮ್ಮ ಹಿರಿಯರಲ್ಲಿ ಬಹಳ ಜನರಿಗೆ ಓದು ಬರುತ್ತಿರಲಿಲ್ಲ. ಅವರು ಈ ಕಥೆಯನ್ನು ಲಾವಣಿಯಲ್ಲಿ ಕೇಳಿದರು. 1961ರಲ್ಲಿ 'ಕಿತ್ತೂರು ಚೆನ್ನಮ್ಮ' ಎಂಬ ಸಿನಿಮಾ ಬಂತು. ಅದನ್ನು ತೆಗೆದವರು ಬಿ. ಆರ್. ಪಂತುಲು. ರಾಜ ಮಲ್ಲಸರ್ಜನ ಪಾತ್ರ ರಾಜ್‌ಕುಮಾರ್ ಅವರದು. ಚೆನ್ನಮ್ಮನ ಪಾತ್ರ ಮಾಡಿದವರು ಬಿ. ಸರೋಜಾದೇವಿ.

ಮೊದಲು ಹೆಣ್ಣುಮಕ್ಕಳು ನಾಟಕಕ್ಕೆ ಬರುವುದೇ ಕಡಿಮೆ. ಗಂಡಸರೇ ಸೀರೆ ಉಟ್ಟು ಹೆಣ್ಣಿನ ಪಾತ್ರ ಮಾಡುತ್ತಿದ್ದರು. ಸವದತ್ತಿ ತಾಲ್ಲೂಕಿನ ಏಣಗಿ ಬಾಳಪ್ಪನವರ ಹೆಸರು ಕೇಳಿದ್ದೀರಲ್ಲ? ಅಂಥ ದೊಡ್ಡ ನಟರೂ ಚಿಕ್ಕಂದಿನಲ್ಲಿ ಹೆಣ್ಣಿನ ಪಾತ್ರ ಮಾಡಿದವರೇ. ಬಣ್ಣ ಹಚ್ಚುವ ಹೆಣ್ಣನ್ನು ಜನ ಹಗುರಾಗಿ ನೋಡುತ್ತಿದ್ದರು. "ಮರ್ಯಾದಸ್ಥರ ಮನಿ ಹುಡುಗಿ ಹಿಂಗ ಕುಣೀತಾಳೇನು?" ಅನ್ನುತ್ತಿದ್ದರು.

ಸರೋಜಾದೇವಿ ಹುಟ್ಟಿದ್ದು 1938ರಲ್ಲಿ, ಬೆಂಗಳೂರಿನಲ್ಲಿ. ತಂದೆ ಭೈರಪ್ಪನವರದು ಪೊಲೀಸ್ ನೌಕರಿ. ಮಗಳು ನಾಟ್ಯ ಕಲಿಯಲಿ ಎಂದು ಅವರು ಬೆನ್ನು ತಟ್ಟಿದರು. ತಾಯಿ ರುದ್ರಮ್ಮನವರು ಉಡುಗೆ ತೊಡುಗೆಯಲ್ಲಿ ಬಹಳ ಕಟ್ಟುನಿಟ್ಟು. 1955ರಲ್ಲಿ 'ಮಹಾಕವಿ ಕಾಳಿದಾಸ' ಸಿನಿಮಾದಲ್ಲಿ ಸರೋಜಾದೇವಿಗೆ ಪಾತ್ರ ಸಿಕ್ಕಿತು. ಆಗ ಅವರಿನ್ನೂ 17 ವರ್ಷದ ಹುಡುಗಿ.

ಮುಂದೆ ಅವರು ಕನ್ನಡ, ತಮಿಳು, ತೆಲುಗು, ಹಿಂದಿ ಹೀಗೆ ನಾಲ್ಕು ಭಾಷೆಗಳಲ್ಲಿ ನಟಿಸಿದರು. 1958ರಲ್ಲಿ ತಮಿಳಿನಲ್ಲಿ ಎಂ.ಜಿ.ಆರ್. ಜೊತೆ, 1959ರಲ್ಲಿ ಹಿಂದಿಯಲ್ಲಿ ದಿಲೀಪ್ ಕುಮಾರ್ ಇದ್ದ ಸಿನಿಮಾದಲ್ಲಿ ಪಾತ್ರ ಮಾಡಿದರು. ಬೇರೆ ಭಾಷೆಯ ಮಾತು ಕಲಿತು, ದೀಪದ ಝಳದಲ್ಲಿ ನಿಂತು, ಒಂದೇ ಮಾತನ್ನು ಹತ್ತು ಸಲ ಆಡಬೇಕು. ಇದೂ ದುಡಿಮೆಯೇ ಅಲ್ಲವೇ? ಜನ ಅವರನ್ನು 'ಅಭಿನಯ ಸರಸ್ವತಿ' ಎಂದು ಕರೆದರು.

1967ರಲ್ಲಿ ಶ್ರೀಹರ್ಷ ಅವರ ಜೊತೆ ಮದುವೆ ಆಯಿತು. ಮದುವೆಯಾದ ಮೇಲೆ ನಟಿಯರ ಕೆಲಸ ಮುಗಿಯಿತು ಎಂದು ಜನ ತಿಳಿದಿದ್ದ ಕಾಲ ಅದು. ಸರೋಜಾದೇವಿ ಕೆಲಸ ಬಿಡಲಿಲ್ಲ. 1977ರ 'ಬಭ್ರುವಾಹನ' ಮದುವೆಯ ನಂತರದ್ದೇ. 1986ರಲ್ಲಿ ಗಂಡ ತೀರಿಕೊಂಡರು. ದುಃಖ ದೊಡ್ಡದು. ಆದರೂ ಅವರು ಮತ್ತೆ ಸಿನಿಮಾಕ್ಕೆ ಬಂದರು. ಸರಕಾರ 1969ರಲ್ಲಿ ಪದ್ಮಶ್ರೀ, 1992ರಲ್ಲಿ ಪದ್ಮಭೂಷಣ ಕೊಟ್ಟಿತು. 2025ರ ಜುಲೈ 14ರಂದು ಅವರು ತೀರಿಕೊಂಡರು. ಅವರ ಕಣ್ಣುಗಳನ್ನು ದಾನ ಮಾಡಲಾಯಿತು.

ಈಗ ಒಂದು ಲೆಕ್ಕ ಮಾಡೋಣ. ರಾಣಿ ಚೆನ್ನಮ್ಮ ಹುಟ್ಟಿದ್ದು 1778ರಲ್ಲಿ. ಯುದ್ಧ ಆದದ್ದು 1824ರಲ್ಲಿ. ಆಗ ರಾಣಿಗೆ ಎಷ್ಟು ವರ್ಷ? 46. ಸಿನಿಮಾ ಬಂದಾಗ ಸರೋಜಾದೇವಿಗೆ 23. ಅರ್ಧದಷ್ಟೇ! ಸಿನಿಮಾದಲ್ಲಿ ನಾವು ಕಾಣುವುದು ನಟಿಯ ಮುಖ. ನಿಜವಾದ ರಾಣಿ ಗಂಡನನ್ನೂ ಮಗನನ್ನೂ ಕಳೆದುಕೊಂಡ, ನಡುವಯಸ್ಸಿನ ಹೆಂಗಸು. ಸಿನಿಮಾ ನೋಡಿ ಸಂತೋಷಪಡೋಣ. ನಿಜ ಏನು ಎಂಬುದನ್ನು ಓದಿ ತಿಳಿಯೋಣ. ಈಗ ನಮಗೆ ಅಕ್ಷರ ಬರುತ್ತದಲ್ಲ!

ಕೂಡಿ ಮಾತಾಡೋಣ: ನಮ್ಮ ಊರಿನಲ್ಲಿ ಹುಡುಗಿ ಹಾಡು, ಕುಣಿತ, ನಾಟಕ ಕಲಿತರೆ ಜನ ಏನಂತಾರೆ? ನಾವು ಏನನ್ನಬೇಕು?