ಆಟದ ಸುಖವೂ ಕೈಯ ನೋವೂ

ದಿನದ ದುಡಿಮೆ ಮುಗಿದ ಬಳಿಕ ಮನಸ್ಸು ಒಂದಿಷ್ಟು ವಿನೋದವನ್ನು ಬಯಸುವುದು ಸಹಜವೇ ಸರಿ. ಹಿಂದೆ ಹೋಟೆಲಿನ ಹುಡುಗರಿಗೆ ಕೇರಂ ಹಲಗೆ, ಇಸ್ಪೀಟು ಎಲೆಗಳು ಈ ವಿನೋದವನ್ನು ಒದಗಿಸುತ್ತಿದ್ದವು. ಇಂದು ಆ ಸ್ಥಾನವನ್ನು ಮೊಬೈಲು, ಕಂಪ್ಯೂಟರುಗಳು ಆಕ್ರಮಿಸಿವೆ. ಕಾತ್ರಜದ ಹೋಟೆಲುಗಳಲ್ಲಿ ದುಡಿಯುವ ನಮ್ಮವರೂ, ಅಲ್ಲಿ ಕೋಣೆ ಹಿಡಿದು ಪುಣೆಯ ಕಚೇರಿಗಳಿಗೆ ಹೋಗಿಬರುವ ಗುಮಾಸ್ತ ಬಂಧುಗಳೂ ಈ ಆಟಗಳಿಗೆ ಒಲಿದಿದ್ದರೆ ಅದನ್ನು ಆಕ್ಷೇಪಿಸುವುದು ನಮ್ಮ ಉದ್ದೇಶವಲ್ಲ. ಆದರೆ ಹಗಲೆಲ್ಲ ದುಡಿದ ಕೈಯನ್ನೇ ಇರುಳು ಆಟಕ್ಕೂ ಹೂಡಿದರೆ ಅದಕ್ಕೆ ವಿಶ್ರಾಂತಿ ಎಂದು ಎಂಬ ಪ್ರಶ್ನೆಯನ್ನು ಕೇಳದಿರಲಾರೆವು.

ಕಾವಲಿಯ ಮುಂದೆ ನಿಂತು ದೋಸೆ ಮಗುಚುವವನ ಮಣಿಕಟ್ಟು, ತಟ್ಟೆಗಳ ಸಾಲನ್ನು ಹೊರುವ ಮಾಣಿಯ ಬೆರಳುಗಳು, ಬೆಳಗಿನಿಂದ ಸಂಜೆಯವರೆಗೆ ಅಂಕಿಗಳನ್ನು ಒತ್ತುವ ಗುಮಾಸ್ತನ ಅಂಗೈ, ಇವೆಲ್ಲ ಎಷ್ಟು ಸವೆಯುತ್ತವೆಂಬುದನ್ನು ಹೋಟೆಲು ನಡೆಸಿದ ನಾವು ಬಲ್ಲೆವು. ಕೈ ಕೆಸರಾದರೆ ಬಾಯಿ ಮೊಸರೆಂಬ ಗಾದೆಯನ್ನು ನಂಬಿ ಊರು ಬಿಟ್ಟು ಬಂದವರಿಗೆ ಕೈಯೇ ಬಂಡವಾಳ.

ಕಾತ್ರಜದವರಿಗೆ ಸುರಂಗವೆಂದರೆ ಹೊಸತಲ್ಲ. ಹೆದ್ದಾರಿಯ ಸುರಂಗದಂತೆ ನಮ್ಮ ಮಣಿಕಟ್ಟಿನಲ್ಲಿಯೂ ಮೂಳೆ ಮತ್ತು ಗಟ್ಟಿ ನಾರಿನ ಪಟ್ಟಿಯಿಂದಾದ ಒಂದು ಇಕ್ಕಟ್ಟಾದ ದಾರಿಯುಂಟು. ಬೆರಳುಗಳನ್ನು ಮಡಿಸುವ 9 ಸ್ನಾಯುರಜ್ಜುಗಳೂ ಒಂದು ಮುಖ್ಯ ನರವೂ ಅದರೊಳಗೆ ಹಾಯುತ್ತವೆ. ಒಳಗಿನ ಪದರಗಳು ಬಾತುಕೊಂಡರೆ ನರ ಅದುಮಲ್ಪಡುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ಜೋಮು ಹಿಡಿಯುತ್ತವೆ. ಇನ್ನೊಂದು ಬೇನೆ ಹೆಬ್ಬೆರಳಿನ ಬುಡದ ಪಕ್ಕದಲ್ಲಿ, ಮಣಿಕಟ್ಟಿನ ಅಂಚಿನಲ್ಲಿ ಕಾಣಿಸುವಂಥದು. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಡಿ ಕೆರ್ವೇನ್ 1895ರಲ್ಲಿಯೇ ಇದನ್ನು ವರ್ಣಿಸಿದನು.

ಆದಕಾರಣ ನೋವು ಎಲ್ಲಿದೆಯೆಂಬುದನ್ನು ಅರಿತು ಸಾಧನವನ್ನು ಆಯತಕ್ಕದ್ದು. ಮೊಬೈಲಿನಲ್ಲಿ ಆಡುವವರು ಅದನ್ನು ಕೈಯಲ್ಲಿ ಎತ್ತಿ ಹಿಡಿಯುವ ಬದಲು ಮೇಜಿನ ಮೇಲೆ ಆಸರೆಗೆ ನಿಲ್ಲಿಸಿದರೆ ಅರ್ಧ ಭಾರ ಇಳಿದಂತೆ. ತಂತಿಯಿಲ್ಲದ ಗೇಮ್‌ಪ್ಯಾಡನ್ನು ಜೋಡಿಸಿ, ಕೈಗಳನ್ನು ತೊಡೆಯ ಮೇಲಿರಿಸಿ ಆಡುವುದೂ ಸಾಧ್ಯ. ಎಲ್ಲ ಆಟಗಳೂ ಅದನ್ನು ಒಪ್ಪವಾದ್ದರಿಂದ ಕೊಳ್ಳುವ ಮುನ್ನ ವಿಚಾರಿಸಬೇಕು.

ಕಂಪ್ಯೂಟರಿನ ಮೌಸ್ 1964ರಲ್ಲಿ ಅಮೆರಿಕದ ಡಗ್ಲಾಸ್ ಎಂಗೆಲ್‌ಬಾರ್ಟನ ಕಲ್ಪನೆಯಂತೆ ಮೊದಲು ರೂಪುಗೊಂಡಾಗ ಮರದ ಪೆಟ್ಟಿಗೆಯಾಗಿತ್ತು. ಅದರ ಆಕಾರ ವೇದವಾಕ್ಯವೇನೂ ಅಲ್ಲ. ಲಂಬ ಮೌಸನ್ನು ಕೈಕುಲುಕುವ ಭಂಗಿಯಲ್ಲಿ ಹಿಡಿಯುವುದರಿಂದ ಮುಂಗೈ ತಿರುಚುವುದು ತಗ್ಗುತ್ತದೆ. ಬೆರಳಿನ ಒತ್ತಾಟ ಮಾತ್ರ ತಗ್ಗದು. ಟ್ರ್ಯಾಕ್‌ಬಾಲ್ ಕುಳಿತಲ್ಲೇ ಇರುತ್ತದೆ, ಚೆಂಡನ್ನಷ್ಟೇ ಹೊರಳಿಸಿದರೆ ಸಾಕು. ಆದರೆ ಹೆಬ್ಬೆರಳು ನೋಯುತ್ತಿರುವವರು ಹೆಬ್ಬೆರಳಿನಿಂದ ಹೊರಳಿಸುವ ಬಗೆಯನ್ನು ಬಿಟ್ಟು, ಇತರ ಬೆರಳುಗಳಿಂದ ಹೊರಳಿಸುವ ಬಗೆಯನ್ನು ಆಯಬೇಕು. ಒಬ್ಬನಿಗೆ ಹಿತವಾದುದು ಇನ್ನೊಬ್ಬನಿಗೆ ಹಿತವಾಗಬೇಕೆಂದಿಲ್ಲ. ಅಂಗಡಿಯಲ್ಲಿ ಕೈಯಿಟ್ಟು ನೋಡಿಯೇ ಹಣ ತೆರಬೇಕು.

ಕಾಸು ಖರ್ಚಿಲ್ಲದ ಉಪಾಯಗಳೂ ಉಂಟು. ಅನೇಕ ಆಟಗಳಲ್ಲಿ ಗುಂಡಿಗಳ ಸ್ಥಾನವನ್ನು ಬದಲಿಸಿಕೊಳ್ಳಬಹುದು. ಕೆಲವುಗಳಲ್ಲಿ ಒತ್ತಿಹಿಡಿಯಬೇಕಾದ ಗುಂಡಿಯನ್ನು ಒಮ್ಮೆ ತಟ್ಟಿದರೆ ಸಾಕೆಂಬಂತೆ ಮಾಡಿಕೊಳ್ಳಬಹುದು. ಮೌಸಿನ ವೇಗವನ್ನು ಹೆಚ್ಚಿಸಿದರೆ ಕೈ ಕಡಿಮೆ ಓಡಾಡುತ್ತದೆ. ಕೈಬೆರಳುಗಳು ತೀರ ಸ್ವಾಧೀನವಿಲ್ಲದವರಿಗೂ ಆಟದ ಬಾಗಿಲು ಮುಚ್ಚಿಲ್ಲ. ಮೈಕ್ರೋಸಾಫ್ಟ್ ಸಂಸ್ಥೆ 2018ರಲ್ಲಿ ಹೊರತಂದ ಅಡಾಪ್ಟಿವ್ ಕಂಟ್ರೋಲರಿನಲ್ಲಿ ಎರಡು ದೊಡ್ಡ ಒತ್ತುಫಲಕಗಳಿದ್ದು, ಕಾಲಿನಿಂದ ತುಳಿಯುವ ಗುಂಡಿ ಮೊದಲಾದವನ್ನು ಜೋಡಿಸಲು ಹಿಂಬದಿಯಲ್ಲಿ 19 ರಂಧ್ರಗಳಿವೆ. ಸೋನಿ ಸಂಸ್ಥೆಯೂ 2023ರಲ್ಲಿ ಇಂಥದೊಂದನ್ನು ಮಾರುಕಟ್ಟೆಗೆ ತಂದಿತು.

ಆದರೂ ಸಾಧನವು ಔಷಧವಲ್ಲ. ಹೊಸ ಮೌಸು ಬಂದಿತೆಂದು ಎರಡು ತಾಸಿನ ಆಟವನ್ನು ನಾಲ್ಕಕ್ಕೆ ಏರಿಸಿದರೆ ಫಲವೇನು? ನಡುನಡುವೆ ಕೈ ಬಿಡಿಸಿ ಕೊಂಚ ನಡೆದಾಡಬೇಕು. ಮಣಿಕಟ್ಟನ್ನು ಬಾಗಿಸದೆ ನೇರವಾಗಿರಿಸಬೇಕು. ಇರುಳು ಜೋಮಿನಿಂದ ಎಚ್ಚರವಾಗುತ್ತಿದ್ದರೆ, ಲೋಟ ಕೈಜಾರಿ ಬೀಳುತ್ತಿದ್ದರೆ, ಹೆಬ್ಬೆರಳ ಬುಡದ ಮಾಂಸ ಇಳಿಯುತ್ತಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಬಹುಕಾಲ ಅದುಮಲ್ಪಟ್ಟ ನರ ಪೂರ್ತಿಯಾಗಿ ಚೇತರಿಸಿಕೊಳ್ಳದಿರಬಹುದು.

ಹೋಟೆಲಿನ ಮಾಲಿಕರಿಗೂ ಒಂದು ಮಾತು. ಹುಡುಗ ಕೈನೋವೆಂದಾಗ ‘ಮೊಬೈಲು ಒತ್ತಿದ್ದರ ಫಲ’ವೆಂದು ಗದರಿಸಿ ಸುಮ್ಮನಾಗುವುದು ನ್ಯಾಯವಲ್ಲ, ಆ ನೋವಿನಲ್ಲಿ ನಮ್ಮ ಕಾವಲಿಯ ಪಾಲೂ ಇದ್ದೀತು. ಅವನಿಗೆ ನಾಲ್ಕು ದಿನ ಗಲ್ಲಾದ ಬಳಿಯ ಹಗುರ ಕೆಲಸ ಕೊಟ್ಟರೆ ಹೋಟೆಲು ಮುಳುಗದು, ಕೈ ಉಳಿದೀತು.