ವೃಷಭಾವತಿಯ ಶುದ್ಧಿ ಬೀದಿಯ ಕೆಳಗಿದೆ

ಕಾರ್ತಿಕ ಮಾಸದ ಕೊನೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನೆರೆಯುವುದನ್ನು ಓದುಗರಲ್ಲಿ ಅನೇಕರು ಬಲ್ಲರು. ಅಂದು ದೊಡ್ಡ ಬಸವಣ್ಣನ ದರ್ಶನಕ್ಕೆ ಸಾಲುಗಟ್ಟಿ ನಿಲ್ಲುವ ಭಕ್ತರಲ್ಲಿ, ಆ ನಂದಿಯ ಪಾದಮೂಲದಿಂದಲೇ ಒಂದು ನದಿ ಹುಟ್ಟಿತೆಂಬ ನಂಬಿಕೆಯನ್ನು ನೆನೆಯುವವರು ಈಗ ವಿರಳ. ವೃಷಭನ ಹೆಸರನ್ನು ಹೊತ್ತ ಆ ನದಿಯೇ ವೃಷಭಾವತಿ. ಮಲ್ಲೇಶ್ವರದ ಕಾಡುಮಲ್ಲೇಶ್ವರ ಗುಡಿಯ ಎದುರಿನ ನಂದಿತೀರ್ಥವನ್ನೂ ಅದರ ಮೂಲಗಳಲ್ಲೊಂದೆಂದು ಹೇಳುವುದುಂಟು. ಮಣ್ಣಿನಲ್ಲಿ ಹೂತುಹೋಗಿದ್ದ ಆ ಕಲ್ಯಾಣಿ 1997ರಲ್ಲಿ ಬೆಳಕಿಗೆ ಬಂದಿತು. ನಂದಿಯ ಬಾಯಿಂದ ಲಿಂಗದ ಮೇಲೆ ಬೀಳುವ ಅಲ್ಲಿನ ನೀರನ್ನು ಭಕ್ತರು ಕಣ್ಣಿಗೊತ್ತಿಕೊಳ್ಳುತ್ತಾರೆ. ಅದೇ ನದಿಯನ್ನು ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯ ಬಳಿ ದಾಟುವಾಗ ಮೂಗು ಮುಚ್ಚಿಕೊಳ್ಳುತ್ತಾರೆ. ಹೆಸರನ್ನೂ ನಾವು ಉಳಿಸಿಲ್ಲ. ಜನರ ಬಾಯಲ್ಲಿ ಅದು ಕೆಂಗೇರಿ ಮೋರಿ.

ನದಿ ಅಲ್ಲಿಗೇ ನಿಲ್ಲುವುದಿಲ್ಲ. ಕೆಂಗೇರಿಯನ್ನು ದಾಟಿ, ಬಿಡದಿಯ ಸಮೀಪ 1940ರ ದಶಕದಲ್ಲಿ ಕೃಷಿಗೆಂದು ಕಟ್ಟಿದ ಬೈರಮಂಗಲದ ಜಲಾಶಯವನ್ನು ತುಂಬಿ, ಮುಂದೆ ಅರ್ಕಾವತಿಯನ್ನು ಕೂಡುತ್ತದೆ. ಅರ್ಕಾವತಿಯು ಕನಕಪುರ ಸೀಮೆಯ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಸುಮಾರು ನೂರು ಕಿಲೋಮೀಟರು ದೂರದಿಂದ, ಐದುನೂರು ಮೀಟರಿಗೂ ಹೆಚ್ಚು ಎತ್ತರಕ್ಕೆ ಏರಿಸಿ ತರುವ ಕಾವೇರಿಯನ್ನು ನಗರವು ಬಳಸಿ, ಮಲಿನಗೊಳಿಸಿ, ಮತ್ತೆ ಕಾವೇರಿಗೇ ಒಪ್ಪಿಸುತ್ತಿದೆ. ಬೈರಮಂಗಲದ ರೈತನು ತನ್ನ ಗದ್ದೆಗೆ ಹಾಯಿಸುವುದು ನಮ್ಮ ಬಚ್ಚಲಿನ ನೀರನ್ನು, ಅದರೊಡನೆ ಪೀಣ್ಯದ ಕಾರ್ಖಾನೆಗಳ ತ್ಯಾಜ್ಯವನ್ನು.

ಇದಕ್ಕೆ ಪರಿಹಾರವೇನೆಂದು ಯಾರನ್ನು ಕೇಳಿದರೂ ಶುದ್ಧೀಕರಣ ಘಟಕಗಳನ್ನು ಕಟ್ಟಬೇಕೆನ್ನುತ್ತಾರೆ. ಕಟ್ಟಬೇಕು, ನಿಜ. ಕಾವೇರಿ ಮೊದಲನೆಯ ಹಂತದ ನೀರು ಬಂದ 1974ರಲ್ಲಿಯೇ ಮೈಸೂರು ರಸ್ತೆಯಲ್ಲಿ ವೃಷಭಾವತಿ ಕಣಿವೆಯ ಘಟಕವೂ ಆರಂಭವಾಯಿತು. ಆದರೆ ಕೊಳಚೆ ಘಟಕದವರೆಗೆ ತಲುಪಬೇಕಲ್ಲವೆ? ದಾರಿಯಲ್ಲಿಯೇ ಸೋರಿ ಮೋರಿಗೆ ಬಿದ್ದ ನೀರನ್ನು ಎಷ್ಟು ದೊಡ್ಡ ಘಟಕವೂ ಶುದ್ಧಿಮಾಡಲಾರದು. ನದಿಯ ಅಳಿವು ಉಳಿವು ನಿರ್ಧಾರವಾಗುವುದು ಕಣ್ಣಿಗೆ ಕಾಣದ, ಬೀದಿಯ ಕೆಳಗಿನ ಹಳೆಯ ಕೊಳವೆಗಳಲ್ಲಿ.

1898ರ ಪ್ಲೇಗು ಮಾರಿಯ ತರುವಾಯ ನಗರದ ಆರೋಗ್ಯದ ಚಿಂತನೆ ಬಲಗೊಂಡಿತು. ಒಳಚರಂಡಿಯ ಕಾರ್ಯ 1922ರ ಸುಮಾರಿಗೆ ನಗರದ ನಡುಭಾಗದಲ್ಲಿ ಮೊದಲಾಯಿತು. ಅಂದಿನಿಂದ ಹಾಕುತ್ತ ಬಂದ ಜೇಡಿಮಣ್ಣಿನ ಸುಟ್ಟ ಕೊಳವೆಗಳಿಗೆ ಮೋಟು ಉದ್ದ, ಹೆಜ್ಜೆಗೊಂದು ಸಂದು. ಆ ಸಂದುಗಳಲ್ಲಿ ಮರದ ಬೇರು ನೂಲಿನಂತೆ ನುಸುಳಿ ಒಳಗೆ ಜಡೆಯಾಗಿ ಬೆಳೆಯುತ್ತದೆ. ಮುಖ್ಯ ಕೊಳವೆಗಳು ಕಾಂಕ್ರೀಟಿನವು. ಅವುಗಳಿಗೆ ಬೇರೆಯೇ ಒಂದು ರೋಗ. ಕೊಳಚೆಯಿಂದೇಳುವ ಕೊಳೆತ ಮೊಟ್ಟೆಯ ವಾಸನೆಯ ಗಾಳಿಯನ್ನು ಕೊಳವೆಯ ನೆತ್ತಿಯಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ಗಂಧಕಾಮ್ಲವಾಗಿ ಮಾರ್ಪಡಿಸುತ್ತವೆ. ಆ ಆಮ್ಲ ಕಾಂಕ್ರೀಟನ್ನು ಒಳಗಿನಿಂದ ತಿನ್ನುತ್ತದೆ. ಮೇಲಿನ ರಸ್ತೆ ಒಂದು ದಿನ ಇದ್ದಕ್ಕಿದ್ದಂತೆ ಕುಸಿದಾಗಲೇ ನಮಗೆ ತಿಳಿಯುವುದು. ಇಳಿಜಾರನ್ನು ಅನುಸರಿಸಬೇಕಾದ್ದರಿಂದ ಈ ದೊಡ್ಡ ಕೊಳವೆಗಳನ್ನು ರಾಜಕಾಲುವೆಗಳ ಪಕ್ಕದಲ್ಲಿ, ಎಷ್ಟೋ ಕಡೆ ಅವುಗಳ ತಳದಲ್ಲಿಯೇ ಹಾಕಲಾಯಿತು. ಒಡೆದರೆ ಕೊಳಚೆ ನೇರವಾಗಿ ನದಿಗೆ.

ಹಳೆಯ ಕೊಳವೆಯನ್ನು ಸರಿಪಡಿಸಲು ರಸ್ತೆಯನ್ನೆಲ್ಲ ಅಗೆಯಲೇಬೇಕೆಂದಿಲ್ಲ. ಕ್ಯಾಮೆರಾ ಇಳಿಸಿ ಬಿರುಕನ್ನು ಗುರುತಿಸಿ, ರಾಳದಲ್ಲಿ ನೆನೆಸಿದ ಬಟ್ಟೆಯ ಚೀಲವನ್ನು ಒಳಗೆ ಸೇರಿಸಿ, ಉಬ್ಬಿಸಿ, ಬಿಸಿನೀರಿನಿಂದಲೋ ಹಬೆಯಿಂದಲೋ ಗಟ್ಟಿಗೊಳಿಸಿದರೆ ಹಳೆಯ ಕೊಳವೆಯೊಳಗೆ ಹೊಸದೊಂದು ಸಿದ್ಧವಾಗುತ್ತದೆ. ಹಣ ಬೇಕು, ಅದಕ್ಕಿಂತ ಹೆಚ್ಚಾಗಿ ಕಾಣದ ಕೆಲಸಕ್ಕೆ ಹಣ ಕೊಡುವ ಮನಸ್ಸು ಬೇಕು. ಹೊಸ ಘಟಕಕ್ಕೆ ಉದ್ಘಾಟನೆಯುಂಟು, ಕೊಳವೆಯ ದುರಸ್ತಿಗೆ ಯಾರು ರಿಬ್ಬನ್ ಕತ್ತರಿಸುತ್ತಾರೆ? 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತ ಬಂದು, ನಗರಕ್ಕೆ ದಿನಕ್ಕೆ 77.5 ಕೋಟಿ ಲೀಟರು ಹೆಚ್ಚು ನೀರು ಪೂರೈಸುವ ಸಾಮರ್ಥ್ಯ ಒದಗಿತು. ಬಳಸಿದ ನೀರಿನಲ್ಲಿ ನೂರಕ್ಕೆ ಎಂಬತ್ತು ಪಾಲು ಕೊಳಚೆಯಾಗುವುದೆಂಬುದು ಎಂಜಿನಿಯರರ ಲೆಕ್ಕ. ಅಂದರೆ ಇನ್ನೂ 62 ಕೋಟಿ ಲೀಟರು.

ಕಳೆದ ಮಳೆಗಾಲದಲ್ಲಿ ನಮ್ಮ ಬೀದಿಯ ಮ್ಯಾನ್‌ಹೋಲು ಉಕ್ಕಿ ಹರಿಯಿತು. ದೂರು ಕೊಟ್ಟು, ಸಂಬಂಧಪಟ್ಟವರನ್ನು ಸಾಕಷ್ಟು ಬೈದೆವು. ಯಂತ್ರದೊಡನೆ ಬಂದ ಕೆಲಸಗಾರರು ಹೊರತೆಗೆದದ್ದು ಹಳೆಯ ಸೀರೆಯ ತುಂಡು, ಕಲ್ಲಿನಂತೆ ಹೆಪ್ಪುಗಟ್ಟಿದ ಅಡುಗೆಯ ಜಿಡ್ಡು, ಹೊಂಗೆಯ ಬೇರಿನ ಒಂದು ಕಟ್ಟು. ಅವರಲ್ಲಿ ಹಿರಿಯರೊಬ್ಬರು ನಮ್ಮ ಮಾಳಿಗೆಯತ್ತ ಕೈತೋರಿ, “ಸ್ವಾಮಿ, ಆ ಮಳೆನೀರಿನ ಪೈಪು ಎಲ್ಲಿಗೆ ಬಿಟ್ಟಿದ್ದೀರಿ?” ಎಂದು ಕೇಳಿದರು. ಒಳಚರಂಡಿಯ ಛೇಂಬರಿಗೇ ಬಿಟ್ಟಿದ್ದೆವು! ಮನೆ ಕಟ್ಟಿದಂದಿನಿಂದಲೂ ಹಾಗೆಯೇ ಇತ್ತು. ಕೊಳಚೆಯ ಅಳತೆಗೆ ಮಾಡಿದ ಕೊಳವೆಗೆ ಬೀದಿಯ ಮನೆಗಳೆಲ್ಲ ಮಳೆನೀರನ್ನೂ ಸುರಿದರೆ ಅದು ಉಕ್ಕದೆ ಇನ್ನೇನು ಮಾಡೀತು? ಬೈದ ನಾಲಗೆಯಲ್ಲಿ ಮಾತು ಹೊರಡಲಿಲ್ಲ.

ಹೀಗೆ ಕಟ್ಟಿಕೊಂಡ ಗುಂಡಿಗೆ ಮನುಷ್ಯರನ್ನು ಇಳಿಸುತ್ತಿದ್ದ ಕಾಲ ಹಳೆಯದೇನಲ್ಲ. ಮಲ ಹೊರಿಸುವುದನ್ನೂ ರಕ್ಷಣೆಯಿಲ್ಲದೆ ಗುಂಡಿಗಿಳಿಸುವುದನ್ನೂ 2013ರ ಕಾಯಿದೆ ನಿಷೇಧಿಸಿದೆ. ಆದರೂ ಸಾವು ನಿಲ್ಲದ್ದರಿಂದ 2023ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮೃತರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ನಂಬಿದ ಮನೆಗಳವರಾದ ನಾವು, ಛೇಂಬರಿಗೆ ಬಟ್ಟೆಯ ತುಂಡೊಂದನ್ನು ತಳ್ಳುವಾಗ ಅದನ್ನು ತೆಗೆಯುವ ಕೈ ಯಾರದೆಂದು ಯೋಚಿಸಿರಲಿಲ್ಲ.

ಮರುವಾರವೇ ಪ್ಲಂಬರನನ್ನು ಕರೆಸಿ ಮಾಳಿಗೆಯ ಪೈಪನ್ನು ಬಿಡಿಸಿ, ಹಿತ್ತಲಿನಲ್ಲಿ ಇಂಗುಗುಂಡಿ ತೋಡಿಸಿ ಅದಕ್ಕೆ ಕೂಡಿಸಿದೆವು. ಅಡುಗೆಮನೆಯ ಮೋರಿಗೆ ಜಾಲರಿ ಬಂದಿದೆ. ಕರಿದ ಎಣ್ಣೆ ಈಗ ಡಬ್ಬಿಯಲ್ಲಿ ಕೂಡುತ್ತಿದೆ. ಬೀದಿಯಲ್ಲಿ ಇನ್ನೂ ಹನ್ನೊಂದು ಮನೆಗಳ ಪೈಪುಗಳು ಛೇಂಬರಿಗೇ ಇಳಿಯುತ್ತಿವೆ. ನಾಲ್ಕು ಮನೆಯವರು ಬೇಸಿಗೆಯೊಳಗೆ ಬಿಡಿಸುವುದಾಗಿ ಒಪ್ಪಿದ್ದಾರೆ, ಉಳಿದವರ ಬಾಗಿಲಿಗೆ ಮುಂದಿನ ಭಾನುವಾರ ಹೋಗುವವರಿದ್ದೇವೆ.